‘ಯೂಸ್ಡ್ ಟು’ ಬರೆಯುವ ಮುಂಚೆ: ಈಗಲೂ ನಡೀತಿದೆಯಾ, ನಿಂತು ಹೋಯ್ತಾ?

ಅಮೆರಿಕದಲ್ಲಿ ಮಗನ ಮನೆಗೆ ಬಂದ ತಾಯಿಗೆ ತಲೆಸುತ್ತು. ಆಸ್ಪತ್ರೆಯಲ್ಲಿ ಫಾರ್ಮ್ ತುಂಬಿಸಬೇಕು. ಔಷಧಿಯ ಜಾಗದಲ್ಲಿ ಮಗ ಬರೆಯುತ್ತಾನೆ: “ಶಿ ಯೂಸ್ಡ್ ಟು ಟೇಕ್ ಬಿಪಿ ಟ್ಯಾಬ್ಲೆಟ್ಸ್ ಎವ್ರಿ ಡೇ.” ಅಮ್ಮ ದಿನಾ ಬಿಪಿ ಮಾತ್ರೆ ತಗೊಳ್ತಾರೆ ಅನ್ನೋದು ಅವನ ಲೆಕ್ಕ. ಆದರೆ ಓದುವ ಡಾಕ್ಟರಿಗೆ ಅರ್ಥ ಆಗುವುದು ಬೇರೆ: ಮುಂಚೆ ದಿನಾ ತಗೊಳ್ತಿದ್ದರು, ಈಗ ಬಿಟ್ಟಿದ್ದಾರೆ. ಬಿಪಿ ಮಾತ್ರೆಯ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಬೇಕಾಗಿದ್ದದ್ದು ಇಷ್ಟೇ: “ಶಿ ಟೇಕ್ಸ್ ಬಿಪಿ ಟ್ಯಾಬ್ಲೆಟ್ಸ್ ಎವ್ರಿ ಡೇ.”

ನಮ್ಮವರು ಬರೆಯುವ ಇಂಗ್ಲಿಷ್‌ನಲ್ಲಿ ‘ಯೂಸ್ಡ್ ಟು’ ಬೇಡದ ಕಡೆ ಬರುತ್ತದೆ, ಬೇಕಾದ ಕಡೆ ಬರುವುದಿಲ್ಲ. ವಾಕ್ಯ ನೋಡೋಕೆ ಸರಿಯಾಗೇ ಕಾಣುತ್ತದೆ, ಮೊಬೈಲು, ಕಂಪ್ಯೂಟರು ಎಷ್ಟೋ ಸಲ ಕೆಂಪು ಗೆರೆಯನ್ನೂ ಎಳೆಯುವುದಿಲ್ಲ. ಹಾಗಾಗಿ ತಪ್ಪು ಹಾಗೇ ಉಳಿದುಬಿಡುತ್ತದೆ. ಇದನ್ನು ಸರಿಮಾಡಿಕೊಳ್ಳೋಕೆ ದೊಡ್ಡ ವ್ಯಾಕರಣ ಪುಸ್ತಕ ಬೇಡ. ಬರೆಯುವ ಮುಂಚೆ ಒಂದು ಪ್ರಶ್ನೆ, ಬರೆದ ಮೇಲೆ ಎರಡು ಕಡೆ ಕಣ್ಣು ಹಾಯಿಸುವುದು, ಇಷ್ಟು ಸಾಕು.

ಮೊದಲು ಪ್ರಶ್ನೆ: ಈಗಲೂ ಇದೆಯಾ?

‘ಯೂಸ್ಡ್ ಟು’ ಅಂದರೆ ಮುಂಚೆ ಇತ್ತು, ಈಗ ಇಲ್ಲ. ಮುಂಚೆ ಮಾಡ್ತಿದ್ದೆ, ಈಗ ಮಾಡಲ್ಲ. ಆದ್ದರಿಂದ ಬರೆಯುವ ಮುಂಚೆ ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಕೊನೆಗೆ ‘ಈಗ ಇಲ್ಲ’ ಅಂತ ಸೇರಿಸಿ ನೋಡಿ. ಹೊಂದಿಕೊಂಡರೆ ‘ಯೂಸ್ಡ್ ಟು’ ಸರಿ. ಹೊಂದದಿದ್ದರೆ ಅದನ್ನು ತೆಗೆದುಹಾಕಿ.

“ದೇರ್ ಯೂಸ್ಡ್ ಟು ಬಿ ಸಿಕ್ಸ್‌ಟೀನ್ ಆಣಾಸ್ ಇನ್ ಎ ರುಪೀ.” ಒಂದು ರೂಪಾಯಿಗೆ ಹದಿನಾರು ಆಣೆ ಇದ್ದವು. ಈಗ ಇಲ್ಲ, 1957ರ ಏಪ್ರಿಲ್ 1ರಿಂದ ನೂರು ಪೈಸೆಯ ಲೆಕ್ಕ ಬಂತು. ಸರಿಯಾದ ವಾಕ್ಯ. “ಪೀಪಲ್ ಯೂಸ್ಡ್ ಟು ಸೆಂಡ್ ಟೆಲಿಗ್ರಾಮ್ಸ್.” 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆಯೇ ನಿಂತಿತು, ಹಾಗಾಗಿ ಇದೂ ಸರಿ. “ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್.” 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಇಲ್ಲೂ ತಕರಾರಿಲ್ಲ.

ಈಗ ಇದನ್ನು ನೋಡಿ: “ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್ ಡೈಲಿ.” ಬರೆದವರು ಇವತ್ತೂ ಐದಕ್ಕೇ ಎದ್ದಿದ್ದಾರೆ. ‘ಈಗ ಇಲ್ಲ’ ಅಂತ ಸೇರಿಸಿದರೆ ಸುಳ್ಳಾಗುತ್ತದೆ. ಸರಿಯಾದದ್ದು “ಐ ಗೆಟ್ ಅಪ್ ಅಟ್ ಫೈವ್ ಎವ್ರಿ ಡೇ.”

ಎಡವುವುದಕ್ಕೆ ಕಾರಣ ನಮ್ಮ ಮಾತಿನಲ್ಲೇ ಇದೆ ಅನ್ನಿಸುತ್ತದೆ. ‘ನಾನು ಆಗಾಗ ಧರ್ಮಸ್ಥಳಕ್ಕೆ ಹೋಗ್ತಿರ್ತೀನಿ’ ಅನ್ನುವಾಗ ‘ಹೋಗ್ತೀನಿ’ಗಿಂತ ಸ್ವಲ್ಪ ಜಾಸ್ತಿ ಏನೋ ಹೇಳಿದ ಹಾಗಿರುತ್ತದೆ. ರೂಢಿಯ ಬಣ್ಣ ಅದು. ಅದನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಬರೀ ‘ಐ ಗೋ’ ಸಪ್ಪೆ ಅನ್ನಿಸಿ, ಸುಮ್ನೆ ‘ಯೂಸ್ಡ್ ಟು’ ಸೇರಿಸಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಈಗಿನ ರೂಢಿಗೆ ಬರೀ ‘ಐ ಗೋ’ ಸಾಕು. ಇನ್ನೂ ಒತ್ತು ಬೇಕಿದ್ದರೆ ‘ಆಫನ್’, ‘ಯೂಶುವಲಿ’, ‘ಎವ್ರಿ ಮಂತ್’ ಸೇರಿಸಿ. “ಐ ಆಫನ್ ಗೋ ಟು ಧರ್ಮಸ್ಥಳ.” ಮುಗಿಯಿತು. ಅವನು, ಅವಳು ಆದರೆ ‘ಗೋಸ್’, ‘ಟೇಕ್ಸ್’ ಅಂತ ಕೊನೆಯ ಎಸ್ ಮರೆಯಬೇಡಿ. ಈ ಎಸ್‌ನ ತಂಟೆಯೇ ಬೇಡ ಅಂತಲೂ ಕೆಲವರು ‘ಯೂಸ್ಡ್ ಟು’ ಮೊರೆ ಹೋಗುತ್ತಾರೆ ಅಂತ ನನಗೆ ಗುಮಾನಿ.

ಇದರ ಉಲ್ಟಾ ತಪ್ಪೂ ಇದೆ. ‘ಚಿಕ್ಕವನಿದ್ದಾಗ ಸರ್ಕಾರಿ ಶಾಲೆಗೆ ಹೋಗ್ತಿದ್ದೆ’ ಅನ್ನೋದನ್ನು ತುಂಬಾ ಜನ “ಐ ವಾಸ್ ಗೋಯಿಂಗ್ ಟು ಎ ಗವರ್ನ್‌ಮೆಂಟ್ ಸ್ಕೂಲ್” ಅಂತ ಬರೆಯುತ್ತಾರೆ. ಕನ್ನಡದ ‘ಹೋಗ್ತಿದ್ದೆ’ ಎರಡು ಕೆಲಸ ಮಾಡುತ್ತದೆ: ‘ನೀನು ಫೋನ್ ಮಾಡಿದಾಗ ಶಾಲೆಗೆ ಹೋಗ್ತಿದ್ದೆ’, ‘ಚಿಕ್ಕವನಿದ್ದಾಗ ಆ ಶಾಲೆಗೆ ಹೋಗ್ತಿದ್ದೆ’. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಒಂದು ಗಳಿಗೆಯಲ್ಲಿ ನಡೀತಿದ್ದ ಕೆಲಸಕ್ಕೆ ‘ವಾಸ್ ಗೋಯಿಂಗ್’. ವರ್ಷಗಟ್ಟಲೆ ನಡೆದು ಈಗ ನಿಂತದ್ದಕ್ಕೆ ‘ಯೂಸ್ಡ್ ಟು ಗೋ’.

ಬೇರೆಯವರ ಬಗ್ಗೆ ಬರೆಯುವಾಗ ಇನ್ನೂ ಹುಷಾರು

‘ಈಗ ಇಲ್ಲ’ ಅನ್ನುವ ಈ ಅರ್ಥ ಎಲ್ಲೆಲ್ಲಿ ಕಚ್ಚುತ್ತದೆ ನೋಡಿ. ಮೇಷ್ಟ್ರು ಒಬ್ಬರು ಹಳೇ ವಿದ್ಯಾರ್ಥಿಗೆ ಶಿಫಾರಸು ಪತ್ರ ಕೊಡುತ್ತಾರೆ: “ಹಿ ಯೂಸ್ಡ್ ಟು ಬಿ ವೆರಿ ಸಿನ್ಸಿಯರ್.” ಮನಸ್ಸು ಒಳ್ಳೆಯದೇ. ಆದರೆ ಕೆಲಸ ಕೊಡುವವರು ಓದುವುದು ‘ಒಂದು ಕಾಲದಲ್ಲಿ ಪ್ರಾಮಾಣಿಕನಾಗಿದ್ದ’ ಅಂತ! “ಹಿ ವಾಸ್ ಸಿನ್ಸಿಯರ್ ಥ್ರೂಔಟ್ ದ ಕೋರ್ಸ್” ಅಂದರೆ ಈ ಚುಚ್ಚು ಇರುವುದಿಲ್ಲ. ಆ ಕೋರ್ಸಿನ ಅವಧಿಯ ಮಾತು ಅದು, ಆಮೇಲಿನದರ ಬಗ್ಗೆ ಸುಮ್ಮನಿರುತ್ತದೆ.

“ಮೈ ಫಾದರ್ ಯೂಸ್ಡ್ ಟು ಸೇ…” ಅಂತ ಶುರುಮಾಡಿದರೆ ಓದುವವರು ನಿಮ್ಮ ತಂದೆ ತೀರಿಕೊಂಡಿದ್ದಾರೆ ಅಂದುಕೊಳ್ಳುವ ಸಾಧ್ಯತೆ ಇದೆ. ಅಪ್ಪ ಗಟ್ಟಿಮುಟ್ಟಾಗಿ ಜಗಲಿ ಮೇಲೆ ಕೂತು ಅದೇ ಮಾತನ್ನು ಇವತ್ತೂ ಹೇಳುತ್ತಿದ್ದರೆ “ಮೈ ಫಾದರ್ ಆಫನ್ ಸೇಸ್” ಅನ್ನಿ, ಸಂತಾಪದ ಮೆಸೇಜುಗಳು ಬರುವುದಿಲ್ಲ.

ಕೆಲಸದ ಅರ್ಜಿಯಲ್ಲೂ ಹೀಗೇ. ಈಗಿನ ಕಂಪನಿಯಲ್ಲಿ ನೀವೇ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರೂ “ಐ ಯೂಸ್ಡ್ ಟು ಹ್ಯಾಂಡಲ್ ಅಕೌಂಟ್ಸ್” ಅಂದರೆ, ಆ ಕೆಲಸ ಇವರಿಂದ ಯಾಕೆ ಕಿತ್ತುಕೊಂಡರೋ ಅನ್ನುವ ಅನುಮಾನ. “ಐ ಹ್ಯಾಂಡಲ್ ಅಕೌಂಟ್ಸ್” ಅನ್ನಿ.

ಎಷ್ಟು ಸಲ, ಎಷ್ಟು ವರ್ಷ ಅಂತ ಇದ್ದರೆ

ಮುಗಿದು ಹೋದದ್ದೆಲ್ಲಾ ‘ಯೂಸ್ಡ್ ಟು’ ಅಲ್ಲ. ಒಂದೇ ಸಲ ನಡೆದದ್ದಕ್ಕೆ ಅದು ಬರುವುದಿಲ್ಲ. “ದೇ ಯೂಸ್ಡ್ ಟು ಮೈನ್ ಗೋಲ್ಡ್ ಇನ್ ಕೆಜಿಎಫ್” ಸರಿ, ಆ ಗಣಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ಚಿನ್ನ ತೆಗೆದರು. ಆದರೆ ಗಣಿ ಮುಚ್ಚಿದ್ದು ಒಂದೇ ಸಲ, 2001ರಲ್ಲಿ. ಅದಕ್ಕೆ “ದ ಮೈನ್ ಕ್ಲೋಸ್ಡ್ ಇನ್ 2001” ಅಂತಲೇ ಬರೆಯಬೇಕು.

ಅವಧಿ ಅಥವಾ ಲೆಕ್ಕ ಹೇಳಿದರೂ ‘ಯೂಸ್ಡ್ ಟು’ ಬಿಡಿ. “ಐ ಯೂಸ್ಡ್ ಟು ಲಿವ್ ಇನ್ ಹಾಸನ್ ಫಾರ್ ಫೈವ್ ಇಯರ್ಸ್” ತಪ್ಪು. “ಐ ಲಿವ್ಡ್ ಇನ್ ಹಾಸನ್ ಫಾರ್ ಫೈವ್ ಇಯರ್ಸ್” ಸರಿ. ವರ್ಷ ಹೇಳಬೇಕಿಲ್ಲ ಅಂದರೆ “ಐ ಯೂಸ್ಡ್ ಟು ಲಿವ್ ಇನ್ ಹಾಸನ್” ಕೂಡ ಸರಿಯೇ. “ಐ ಯೂಸ್ಡ್ ಟು ಸೀ ಹಿಮ್ ತ್ರೀ ಟೈಮ್ಸ್” ತಪ್ಪು, ಮೂರು ಸಲ ನೋಡಿದ್ದು ಅಂತ ಗಂಟು ಹಾಕಿದ ಹಾಗಾಯಿತು. “ತ್ರೀ ಟೈಮ್ಸ್ ಎ ವೀಕ್” ಆದರೆ ತೊಂದರೆ ಇಲ್ಲ, ಯಾಕಂದರೆ ಅದು ವಾರ ವಾರ ನಡೀತಿದ್ದ ರೂಢಿ.

ಕೊನೆಯ ಡಿ: ಯಾವಾಗ ಇರಬೇಕು, ಯಾವಾಗ ಹೋಗಬೇಕು

ಮಾತಾಡುವಾಗ ‘ಯೂಸ್ಡ್ ಟು’ ಅನ್ನೋದು ‘ಯೂಸ್ಟು’ ಅಂತ ಕೇಳಿಸುತ್ತದೆ. ಡಿ ಮತ್ತು ಟಿ ಎರಡೂ ಒಂದರೊಳಗೊಂದು ಸೇರಿಹೋಗುತ್ತವೆ. ಕಿವಿಗೆ ಕೇಳಿದ್ದನ್ನೇ ಬರೆದರೆ ‘ಯೂಸ್ ಟು’ ಆಗುತ್ತದೆ. “ಐ ಯೂಸ್ ಟು ಪ್ಲೇ ಕಬಡ್ಡಿ” ಅಂತ ಬರೆದಿದ್ದನ್ನು ನೀವೂ ನೋಡಿರಬಹುದು. ಮಾತೃಭಾಷೆ ಇಂಗ್ಲಿಷ್ ಆಗಿರುವವರೂ ಈ ತಪ್ಪು ಮಾಡುತ್ತಾರೆ, ಹಾಗಾಗಿ ನಾಚಿಕೊಳ್ಳಬೇಕಾದ್ದೇನಿಲ್ಲ. ಸಾದಾ ವಾಕ್ಯದಲ್ಲಿ ಡಿ ಬೇಕೇ ಬೇಕು. ‘ಯೂಸ್’ ಕೂಡ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಬರೀ ಕಾಗುಣಿತ ನೋಡುವ ಸೌಲಭ್ಯಕ್ಕೆ ಇದು ಗೊತ್ತಾಗುವುದಿಲ್ಲ. ನೀವೇ ನೋಡಿಕೊಳ್ಳಬೇಕು.

ಡಿ ಹೋಗಬೇಕಾದ್ದು ‘ಡಿಡ್’ ಬಂದಾಗ. “ಡಿಡ್ ಯು ಯೂಸ್ ಟು ಲಿವ್ ಹಿಯರ್?” “ಐ ಡಿಡ್‌ನಾಟ್ ಯೂಸ್ ಟು ಲೈಕ್ ಹಾಗಲಕಾಯಿ.” ‘ಡಿಡ್ ಯು ವೆಂಟ್’ ಅಂತ ಬರೆಯುವುದಿಲ್ಲ ಅಲ್ವಾ, ‘ಡಿಡ್ ಯು ಗೋ’ ತಾನೇ? ಅದೇ ನಿಯಮ. ಹಿಂದಿನ ಕಾಲವನ್ನು ‘ಡಿಡ್’ ಆಗಲೇ ಹೇಳಿಬಿಟ್ಟಿದೆ. ಇಲ್ಲಿ ಡಿ ಉಳಿಸಿ ಬರೆಯುವವರೂ ಇದ್ದಾರೆ, ಅಚ್ಚಾದ ಬರಹದಲ್ಲೂ ಕಾಣುತ್ತದೆ. ಆದರೆ ಪರೀಕ್ಷೆಯಲ್ಲಿ, ಆಫೀಸಿನ ಪತ್ರದಲ್ಲಿ ಡಿ ಬಿಟ್ಟು ಬರೆಯುವುದೇ ಸುರಕ್ಷಿತ.

ಈ ಗೊಂದಲವೇ ಬೇಡ ಅಂದರೆ ಒಂದು ಉಪಾಯ ಇದೆ. ‘ನೆವರ್’ ಹಾಕಿ: “ಐ ನೆವರ್ ಯೂಸ್ಡ್ ಟು ಲೈಕ್ ಹಾಗಲಕಾಯಿ.” ‘ಡಿಡ್’ ಇಲ್ಲ, ಡಿ ಇದೆ, ಯಾರೂ ತಕರಾರು ತೆಗೆಯುವುದಿಲ್ಲ. ನನಗಂತೂ ಓದೋಕೂ ಇದೇ ಚೆನ್ನಾಗಿದೆ ಅನ್ನಿಸುತ್ತದೆ. ಹಳೇ ಬ್ರಿಟಿಷ್ ಪುಸ್ತಕಗಳಲ್ಲಿ “ಐ ಯೂಸ್ಡ್ ನಾಟ್ ಟು” ಅಂತಲೂ ಸಿಗುತ್ತದೆ. ತಪ್ಪಲ್ಲ, ಆದರೆ ಇವತ್ತು ಬರೆದರೆ ಓದುವವರು ಹುಬ್ಬೇರಿಸುತ್ತಾರೆ.

ಹಿಂದೆ ನೋಡಿ: ಆಮ್, ಈಸ್, ಗೆಟ್ ಇದೆಯಾ?

ಇಲ್ಲಿಗೆ ಅರ್ಧ ದಾರಿ. ಯಾಕಂದರೆ ಇದೇ ‘ಯೂಸ್ಡ್ ಟು’ ಹಿಂದೆ ‘ಆಮ್’, ‘ಈಸ್’, ‘ಆರ್’, ‘ವಾಸ್’ ಅಥವಾ ‘ಗೆಟ್’ ಬಂದರೆ ಅರ್ಥವೇ ಬದಲಾಗುತ್ತದೆ. ಆಗ ಅದು ‘ರೂಢಿ ಆಗಿದೆ’, ‘ಒಗ್ಗಿದೆ’. ಅದರ ಮುಂದೆ ಬರುವ ಕ್ರಿಯಾಪದವೂ ‘ಇಂಗ್’ ಹಾಕಿಕೊಳ್ಳುತ್ತದೆ.

ಬೆಂಗಳೂರಿನಿಂದ ಅಮೆರಿಕಕ್ಕೆ ಹೋದವರ ಡ್ರೈವಿಂಗನ್ನೇ ತಗೊಳ್ಳಿ. ನಮ್ಮಲ್ಲಿ ರಸ್ತೆಯ ಎಡಗಡೆ, ಅಲ್ಲಿ ಬಲಗಡೆ. ಹೋದ ಹೊಸದರಲ್ಲಿ ಬರೆಯುವ ಪತ್ರ: “ಐ ಯೂಸ್ಡ್ ಟು ಡ್ರೈವ್ ಆನ್ ದ ಲೆಫ್ಟ್. ಐ ಯಾಮ್ ನಾಟ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ರೈಟ್.” ಮುಂಚೆ ಎಡಗಡೆ ಓಡಿಸ್ತಿದ್ದೆ, ಬಲಗಡೆ ಓಡಿಸಿ ರೂಢಿ ಇಲ್ಲ. ಒಂದೆರಡು ತಿಂಗಳಾದ ಮೇಲೆ: “ಐ ಯಾಮ್ ಗೆಟಿಂಗ್ ಯೂಸ್ಡ್ ಟು ಇಟ್.” ಮೆಲ್ಲಗೆ ರೂಢಿ ಆಗ್ತಿದೆ. ವರ್ಷ ಕಳೆದ ಮೇಲೆ: “ಐ ಯಾಮ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ರೈಟ್ ನೌ.” ಈಗ ಒಗ್ಗಿಹೋಗಿದೆ. ರಜಕ್ಕೆ ಊರಿಗೆ ಬಂದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಾಗ: “ಐ ಕಾಂಟ್ ಗೆಟ್ ಯೂಸ್ಡ್ ಟು ದಿಸ್ ಎಗೇನ್.” ಮತ್ತೆ ಇದಕ್ಕೆ ಒಗ್ಗಿಕೊಳ್ಳೋದು ನನ್ನಿಂದ ಆಗಲ್ಲ.

‘ಇಂಗ್’ ಯಾಕೆ ಬರುತ್ತದೆ? ಇಲ್ಲಿನ ‘ಟು’ ಮತ್ತು ‘ಯೂಸ್ಡ್ ಟು ಗೋ’ದಲ್ಲಿರುವ ‘ಟು’ ಬೇರೆ ಬೇರೆ. ‘ಚಳಿಗೆ ಒಗ್ಗಿದೆ’ ಅನ್ನುವಾಗ ‘ಚಳಿ’ಗೆ ಅಂಟಿರುವ ‘ಗೆ’ ಇದೆಯಲ್ಲ, ಈ ‘ಟು’ ಅದೇ ಕೆಲಸ ಮಾಡುತ್ತದೆ. ಅದರ ಮುಂದೆ ಒಂದು ನಾಮಪದ ಬೇಕು: ‘ದ ಕೋಲ್ಡ್’, ‘ದ ನಾಯ್ಸ್’, ‘ಇಟ್’. ಕ್ರಿಯಾಪದ ಬಂದರೆ ಅದೂ ‘ಇಂಗ್’ ಹಾಕಿಕೊಂಡು ನಾಮಪದದ ವೇಷದಲ್ಲಿ ಬರಬೇಕು. ಅನುಮಾನ ಬಂದಾಗ ‘ಟು’ ಆದಮೇಲೆ ‘ಇಟ್’ ಇಟ್ಟು ನೋಡಿ. “ಐ ಯಾಮ್ ಯೂಸ್ಡ್ ಟು ಇಟ್” ಸರಿಯಾಗಿ ನಿಲ್ಲುತ್ತದೆ, ಹಾಗಾಗಿ ಅಲ್ಲಿ ‘ಡ್ರೈವಿಂಗ್’. “ಐ ಯೂಸ್ಡ್ ಟು ಇಟ್” ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ ‘ಡ್ರೈವ್’. “ಲುಕ್ ಫಾರ್ವರ್ಡ್ ಟು” ಕೂಡ ಇದೇ ಜಾತಿಯದು. ಪತ್ರದ ಕೊನೆಯಲ್ಲಿ “ಹಿಯರಿಂಗ್ ಫ್ರಮ್ ಯು” ಅಂತ ಬರೆಯುವುದು ಅದಕ್ಕೇ.

ನಮ್ಮಲ್ಲಿ ಜಾಸ್ತಿ ಕಾಣುವುದು ಈ ಎರಡರ ಕಲಬೆರಕೆ: “ಐ ಯಾಮ್ ಯೂಸ್ಡ್ ಟು ಗೋ ಟು ಟೆಂಪಲ್ ಎವ್ರಿ ಸ್ಯಾಟರ್ಡೇ.” ಹಿಂದೆ ‘ಆಮ್’ ಇದೆ, ಮುಂದೆ ‘ಗೋ’ ಇದೆ. ಎರಡೂ ಒಟ್ಟಿಗೆ ಇರುವ ಹಾಗಿಲ್ಲ. ಪ್ರತಿ ಶನಿವಾರ ಹೋಗ್ತೀನಿ ಅಂತ ಹೇಳುವುದಿದ್ದರೆ ಬರೀ “ಐ ಗೋ ಟು ದ ಟೆಂಪಲ್ ಎವ್ರಿ ಸ್ಯಾಟರ್ಡೇ”. ಮುಂಚೆ ಹೋಗ್ತಿದ್ದೆ ಅಂತಿದ್ದರೆ ‘ಆಮ್’ ತೆಗೆಯಿರಿ.

ಬರೆಯುವ ರಭಸದಲ್ಲಿ ‘ಆಮ್’ ನುಂಗಿಹೋಗುವುದೂ ಉಂಟು. “ಐ ಯೂಸ್ಡ್ ಟು ಕೋಲ್ಡ್ ವೆದರ್” ಅಂದರೆ ವಾಕ್ಯವೇ ನಿಲ್ಲುವುದಿಲ್ಲ. ಮುಂದೆ ನಾಮಪದ ಇದ್ದರೆ ಹಿಂದೆ ‘ಆಮ್’ ಅಥವಾ ‘ಗಾಟ್’ ಇದೆಯಾ ಅಂತ ನೋಡಲೇಬೇಕು.

ಉಪಯೋಗಿಸುವ ‘ಯೂಸ್ಡ್’

ಮೂರನೆಯದು ಸುಲಭ, ಬೇಗ ಮುಗಿಸೋಣ. “ಎ ಕುಡುಗೋಲು ಈಸ್ ಯೂಸ್ಡ್ ಟು ಕಟ್ ಪ್ಯಾಡಿ.” ಕುಡುಗೋಲನ್ನು ಭತ್ತ ಕೊಯ್ಯೋಕೆ ಉಪಯೋಗಿಸುತ್ತಾರೆ. ಇಲ್ಲಿ ಹಿಂದೆ ‘ಈಸ್’ ಇದ್ದರೂ ಮುಂದೆ ‘ಕಟ್’, ‘ಕಟಿಂಗ್’ ಅಲ್ಲ. ಯಾಕಂದರೆ ಕುಡುಗೋಲಿಗೆ ರೂಢಿ ಅನ್ನೋದು ಇರುವುದಿಲ್ಲ. ‘ಇಂಗ್’ ಬೇಕೇ ಬೇಕಿದ್ದರೆ ‘ಟು’ ಬದಲು ‘ಫಾರ್’ ಹಾಕಿ: “ಯೂಸ್ಡ್ ಫಾರ್ ಕಟಿಂಗ್ ಪ್ಯಾಡಿ.” ಮಾತಿನಲ್ಲಿ ಈ ‘ಯೂಸ್ಡ್’ ಬೇರೆ ಥರ ಕೇಳಿಸುತ್ತದೆ. ರೂಢಿಯದು ‘ಯೂಸ್ಟ್’, ಉಪಯೋಗದ್ದು ‘ಯೂಜ್ಡ್’. ಬರೆಯುವಾಗ ಮಾತ್ರ ಎರಡೂ ಒಂದೇ ಅಕ್ಷರಗಳು. ಹಾಗಾಗಿ ಅರ್ಥದಿಂದಲೇ ಕಂಡುಹಿಡಿಯಬೇಕು.

ಒಂದೇ ಪ್ಯಾರಾದಲ್ಲಿ ಎಷ್ಟು ಸಲ?

ನೆನಪಿನ ಬರಹ ಬರೆಯುವವರಿಗೆ ಇನ್ನೊಂದು ತೊಡಕು. ಬಾಲ್ಯದ ಬಗ್ಗೆ ಬರೆಯುತ್ತಾ ಹೋದರೆ ಪ್ರತಿ ವಾಕ್ಯದಲ್ಲೂ ‘ಯೂಸ್ಡ್ ಟು’ ಬಂದು ಕೂರುತ್ತದೆ. ವ್ಯಾಕರಣ ಸರಿ, ಓದೋಕೆ ಬೇಜಾರು. ಮೊದಲ ವಾಕ್ಯದಲ್ಲಿ ‘ಯೂಸ್ಡ್ ಟು’ ಹಾಕಿ ಕಾಲ ಗೊತ್ತುಮಾಡಿ, ಮುಂದೆ ‘ವುಡ್’ ಹಿಡಿದು ಸಾಗಿ:

“ಎವ್ರಿ ಸಮ್ಮರ್ ವಿ ಯೂಸ್ಡ್ ಟು ಗೋ ಟು ಅವರ್ ಗ್ರ್ಯಾಂಡ್‌ಮದರ್ಸ್ ಹೌಸ್ ನಿಯರ್ ಸಿರ್ಸಿ. ಶಿ ವುಡ್ ಮೇಕ್ ಹಲಸಿನ ಹಪ್ಪಳ, ಅಂಡ್ ವಿ ವುಡ್ ಸಿಟ್ ಇನ್ ದ ಸನ್ ಅಂಡ್ ಚೇಸ್ ದ ಕ್ರೋಸ್ ಅವೇ.”

ಹಪ್ಪಳ ಮಾಡೋದು, ಕಾಗೆ ಓಡಿಸೋದು ಮತ್ತೆ ಮತ್ತೆ ನಡೆದ ಕೆಲಸಗಳು, ಅದಕ್ಕೆ ‘ವುಡ್’ ಒಪ್ಪುತ್ತದೆ. ಆದರೆ ಸುಮ್ಮನೆ ಇದ್ದದ್ದಕ್ಕೆ ಒಪ್ಪುವುದಿಲ್ಲ. ಮನೆ ಹಿಂದೆ ಬಾವಿ ಇತ್ತು ಅನ್ನೋದಕ್ಕೆ “ದೇರ್ ಯೂಸ್ಡ್ ಟು ಬಿ ಎ ವೆಲ್ ಬಿಹೈಂಡ್ ದ ಹೌಸ್” ಅಂತಲೇ ಬರೆಯಬೇಕು. ಬಾವಿ ಏನೂ ಮಾಡುತ್ತಿರಲಿಲ್ಲ, ಅದರ ಪಾಡಿಗೆ ಇತ್ತು. ಇರುವುದು, ಇಷ್ಟಪಡುವುದು, ಗೊತ್ತಿರುವುದು, ವಾಸ ಮಾಡುವುದು, ಇಂಥವಕ್ಕೆಲ್ಲಾ ‘ವುಡ್’ ಬೇಡ.

ಈಗ ಒಂದು ಅರ್ಜಿ ತಿದ್ದೋಣ

ಇದು ನಾನೇ ಕಟ್ಟಿದ ಅರ್ಜಿ, ಆದರೆ ಇದರಲ್ಲಿರುವ ಒಂದೊಂದು ತಪ್ಪೂ ದಿನಾ ಕಾಣುವಂಥದ್ದು:

“ಐ ವರ್ಕ್ ಇನ್ ಎ ಕ್ಲಾತ್ ಶಾಪ್ ಇನ್ ದಾವಣಗೆರೆ. ಐ ಯೂಸ್ಡ್ ಟು ಓಪನ್ ದ ಶಾಪ್ ಅಟ್ ನೈನ್ ಎವ್ರಿ ಡೇ. ಬಿಫೋರ್ ದಿಸ್, ಐ ಯೂಸ್ಡ್ ಟು ವರ್ಕ್ ಇನ್ ಹುಬ್ಬಳ್ಳಿ ಫಾರ್ ತ್ರೀ ಇಯರ್ಸ್. ಐ ಯಾಮ್ ಯೂಸ್ಡ್ ಟು ಹ್ಯಾಂಡಲ್ ಕಸ್ಟಮರ್ಸ್. ಐ ಡಿಡ್‌ನಾಟ್ ಯೂಸ್ಡ್ ಟು ಲೈಕ್ ಕಂಪ್ಯೂಟರ್ ವರ್ಕ್, ಬಟ್ ನೌ ಐ ಯೂಸ್ಡ್ ಟು ಇಟ್. ಟ್ಯಾಲಿ ಈಸ್ ಯೂಸ್ಡ್ ಟು ಮೇಕಿಂಗ್ ಬಿಲ್ಸ್.”

ಬಾಗಿಲು ತೆಗೆಯುವ ಕೆಲಸ ಈಗಲೂ ಇದೆ. ‘ಈಗ ಇಲ್ಲ’ ಹೊಂದುವುದಿಲ್ಲ. “ಐ ಓಪನ್ ದ ಶಾಪ್ ಅಟ್ ನೈನ್ ಎವ್ರಿ ಡೇ.”

ಹುಬ್ಬಳ್ಳಿ ಮುಗಿದ ಕಥೆ, ಆದರೆ ಮೂರು ವರ್ಷ ಅಂತ ಅವಧಿ ಇದೆ. “ಐ ವರ್ಕ್ಡ್ ಇನ್ ಹುಬ್ಬಳ್ಳಿ ಫಾರ್ ತ್ರೀ ಇಯರ್ಸ್.” ಅರ್ಜಿಯಲ್ಲಿ ಅವಧಿ ಮುಖ್ಯ, ಅದನ್ನು ಬಿಡಬೇಡಿ, ‘ಯೂಸ್ಡ್ ಟು’ವನ್ನೇ ಬಿಡಿ.

ಗಿರಾಕಿಗಳ ವಾಕ್ಯದಲ್ಲಿ ಹಿಂದೆ ‘ಆಮ್’ ಇದೆ, ಹಾಗಾದರೆ ಮುಂದೆ ‘ಹ್ಯಾಂಡ್ಲಿಂಗ್’. “ಐ ಯಾಮ್ ಯೂಸ್ಡ್ ಟು ಹ್ಯಾಂಡ್ಲಿಂಗ್ ಕಸ್ಟಮರ್ಸ್.” ‘ಆಮ್’ ತೆಗೆದು ‘ಹ್ಯಾಂಡಲ್’ ಹಾಗೇ ಬಿಟ್ಟಿದ್ದರೂ ವಾಕ್ಯ ನಿಲ್ಲುತ್ತಿತ್ತು, ಆದರೆ ಗಿರಾಕಿಗಳನ್ನು ಈಗ ನೋಡಿಕೊಳ್ಳುವುದಿಲ್ಲ ಅಂತಾಗುತ್ತಿತ್ತು.

ಕಂಪ್ಯೂಟರಿನ ವಾಕ್ಯದಲ್ಲಿ ಎರಡು ತಪ್ಪು. ‘ಡಿಡ್’ ಇರುವುದರಿಂದ ಡಿ ಹೋಗಬೇಕು, ‘ಇಟ್’ ಇರುವುದರಿಂದ ‘ಆಮ್’ ಬರಬೇಕು. “ಐ ಡಿಡ್‌ನಾಟ್ ಯೂಸ್ ಟು ಲೈಕ್ ಕಂಪ್ಯೂಟರ್ ವರ್ಕ್, ಬಟ್ ನೌ ಐ ಯಾಮ್ ಯೂಸ್ಡ್ ಟು ಇಟ್.” ವ್ಯಾಕರಣ ಈಗ ಸರಿ. ಆದರೆ ಕೆಲಸ ಕೇಳುವಾಗ ‘ಮುಂಚೆ ಇಷ್ಟ ಇರಲಿಲ್ಲ’ ಅಂತ ಯಾಕೆ ಹೇಳಬೇಕು? ಈ ವಾಕ್ಯವನ್ನೇ ಹೊಡೆದುಹಾಕಿ.

ಕೊನೆಯದು ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರ್. ‘ಮೇಕಿಂಗ್’ ತೆಗೆದು ‘ಮೇಕ್’ ಹಾಕಿದರೆ ಇಂಗ್ಲಿಷ್ ಸರಿಯಾಗುತ್ತದೆ. ಆದರೆ ಟ್ಯಾಲಿ ಯಾಕೆ ಉಪಯೋಗಿಸುತ್ತಾರೆ ಅನ್ನೋದು ಅಂಗಡಿ ಯಜಮಾನರಿಗೆ ಗೊತ್ತೇ ಇದೆ. ನಿಮಗೆ ಅದು ಬರುತ್ತದಾ ಅನ್ನೋದು ಅವರಿಗೆ ಬೇಕಾದದ್ದು: “ಐ ಮೇಕ್ ಆಲ್ ದ ಬಿಲ್ಸ್ ಇನ್ ಟ್ಯಾಲಿ.”